ಮಾವ ತೆರೆದಿಟ್ಟ ಬಾಗಿಲು

ಆ ಬಾಗಿಲನ್ನು ಮುಚ್ಚಿದವಳು ನಾನು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಎಲ್ಲರೂ — ಸ್ವತಃ ಮಾವ ಕೂಡ — ಅದನ್ನು ಮಾವನ ಮರೆವು ಎಂದೇ ನಂಬಿದ್ದಾರೆ. ಹಾಗೆ ನಂಬಿಸಿದವಳೂ ನಾನೇ.

ಥಾರ್ನ್‌ಹಿಲ್‌ನ ನಮ್ಮ ಹಿತ್ತಲಲ್ಲಿ ಮಾವ ತಾವೇ ಕಟ್ಟಿದ ಗ್ರೀನ್‌ಹೌಸ್ ಒಂದಿತ್ತು. ಹೀಟರ್ ಇಲ್ಲ, ಬಿಸಿಲೊಂದೇ ಆಧಾರ. ಹೊರಗೆ ಇನ್ನೂ ಹಿಮದ ರಾಶಿ ಕರಗದಿರುವಾಗಲೇ ಒಳಗೆ ಪಾಲಕ್, ಮೂಲಂಗಿ, ನವಿಲುಕೋಸಿನ ಸಸಿಗಳು ಏಳುತ್ತಿದ್ದವು. ಎಂಜಿನಿಯರ್ ಕೆಲಸದಿಂದ ನಿವೃತ್ತರಾಗಿ, ಅತ್ತೆಯೂ ತೀರಿಹೋದ ಮೇಲೆ ಅವರಿಗೆ ಅದೇ ಲೋಕ. "ಬಿಸಿಲು ಬಂದ್ರೆ ಬಾಗಿಲು ತೆರೆದೇ ಇರ್ಬೇಕು ಮಾರಾಯ್ತಿ, ಇಲ್ಲಾಂದ್ರೆ ಒಳಗೆ ಬೆಂದು ಹೋಗ್ತದೆ" ಎಂದು ನನಗೂ ಹೇಳಿದ್ದರು. ನಾನು ಫೋನ್ ನೋಡುತ್ತ ಹೂಂಗುಟ್ಟಿದ್ದೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅವರು ಗೆಳೆಯರೊಡನೆ ಸರೋವರದ ದಂಡೆಯಲ್ಲಿ ನಡೆಯಲು ಕಾರಿನಲ್ಲಿ ಪೋರ್ಟ್ ಕ್ರೆಡಿಟ್‌ಗೆ ಹೋದರು. ಕಸ ಹಾಕಲು ಹೊರಬಂದ ನನಗೆ ತೆರೆದ ಬಾಗಿಲು ಕಂಡಿತು. ಇಷ್ಟು ಚಳಿಯಲ್ಲಿ ಮರೆತೇ ಹೋದರಲ್ಲ — ಹೀಗೆಂದುಕೊಂಡು ಚಿಲಕ ಹಾಕಿದೆ. ಆಮೇಲೆ ಬಿಸಿಲು ಏರಿತು. ಅವರು ಮರಳುವ ಹೊತ್ತಿಗೆ ಸಸಿಗಳೆಲ್ಲ ಬಿಸಿನೀರು ಹೊಯ್ದಂತೆ ಮಲಗಿದ್ದವು.

"ನಾನು ಬಾಗಿಲು ತೆರೆದಿಟ್ಟೇ ಹೋದದ್ದಲ್ವಾ?"

"ಇಲ್ಲ ಮಾವ, ಮುಚ್ಚಿಯೇ ಇತ್ತು" ಎಂದೆ. ಯಾಕೆ ಹಾಗೆಂದೆ — ಬೈಯುವವರಲ್ಲ ಅವರು, ಬೈದಿದ್ದರೂ — ಇಲ್ಲ, ಈಗ ಕಾರಣ ಹುಡುಕಬಾರದು.

ಅವರು ವಾದಿಸಲಿಲ್ಲ. ಬೆಂದ ಸಸಿಗಳನ್ನು ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕಿದರು. ಆ ವಾರವೇ ಕಾರಿನ ಕೀಲಿಕೈ ನನ್ನ ಗಂಡನಿಗೆ ಕೊಟ್ಟರು. "ನಾಳೆ ರೋಡಲ್ಲಿ ಎಂತಾದ್ರೂ ಮರೆತ್ರೆ?" ಎಂದರು. ನೆನಪು ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದರೂ ಅವರಿಗೆ ತಮ್ಮ ಮೇಲೆ ನಂಬಿಕೆ ಮರಳಲಿಲ್ಲ. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು — ಬಿಡಲಿಲ್ಲ. ಕಾರು ಬಿಟ್ಟ ಮೇಲೆ ಸರೋವರದ ನಡಿಗೆಯೂ ನಿಂತಿತು; ಗೆಳೆಯರು ಒಬ್ಬೊಬ್ಬರಾಗಿ ಕರೆಯುವುದನ್ನೇ ನಿಲ್ಲಿಸಿದರು. ಮಾವ ಬೇಡವೆಂದ ಗ್ರೀನ್‌ಹೌಸನ್ನು ಪಕ್ಕದ ಮನೆಯವರು ಬಿಚ್ಚಿಕೊಂಡು ಹೋದರು.

ನಿನ್ನೆ ಹೇಳಿದೆ. ಕೈ ಹಿಡಿದುಕೊಂಡು, ಅಳುತ್ತ, ಎಲ್ಲವನ್ನೂ. ಮಾವ ನನ್ನ ತಲೆ ಸವರಿದರು.

"ನನ್ನ ಸಮಾಧಾನಕ್ಕೆ ನೀನ್ಯಾಕೆ ಸುಳ್ಳು ಹೇಳುದು? ಮರೆತದ್ದು ನಾನೇ. ನನಗೆ ಗೊತ್ತುಂಟು."

ಎಷ್ಟು ಹೇಳಿದರೂ ನಂಬಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಗನ ಎದುರು, ಇಂಥ ಸೊಸೆ ಯಾರಿಗೆ ಸಿಗುತ್ತಾಳೆ ಎಂದು ನನ್ನನ್ನು ಹೊಗಳಿದರು.