ಕಿಲುಬಿನೊಳಗಿನ ನೂಲು

ಹಿತ್ತಾಳೆ, ತಾಮ್ರಕ್ಕೆ ಹಿಡಿಯುವ ಹಸಿರು ಕಿಲುಬು ನಮ್ಮ ಅತ್ತೆಯ ಕಣ್ಣಿಗೆ ಬಿದ್ದರೆ ಮುಗಿಯಿತು, ಅದು ಹೋಗುವತನಕ ಅವರ ಗಂಟಲಲ್ಲಿ ಅನ್ನ ಇಳಿಯದು. ನನ್ನ ಕೆಲಸವೋ, ಆ ಕಿಲುಬನ್ನು ಕಾಪಾಡುವುದು. ಒಂದೇ ಸೂರಿನಡಿ ನಾವಿಬ್ಬರೂ ಹೇಗೆ ಇರಬೇಕು ಹೇಳಿ.

ಕೊರೋನಾ ಬಂದ ವರ್ಷದ ಮಾತು. ವಿಮಾನಗಳು ನಿಂತು, ಬೆಂಗಳೂರಿನಿಂದ ಬಂದಿದ್ದ ಅತ್ತೆ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದರು. ನಾನು ಆಗ ಅಲ್ಲೇ ಹತ್ತಿರದ ಲಾ ಹೋಯಾದ ನಿವೃತ್ತ ಪ್ರೊಫೆಸರ್ ಒಬ್ಬರ ಸಂಗ್ರಹವನ್ನು ದಾಖಲಿಸುತ್ತಿದ್ದೆ. ರೋಮನ್ನರ ಕಾಲದ ಸಣ್ಣ ಕಂಚಿನ ಬ್ರೂಚುಗಳು, ಅಂದರೆ ಉಡುಪನ್ನು ಹೆಗಲ ಮೇಲೆ ಸಿಕ್ಕಿಸಿಕೊಳ್ಳುವ ಪಿನ್ನುಗಳು. ಮ್ಯೂಸಿಯಮ್ಮಿಗೆ ಕೊಡುವ ಮುಂಚೆ ಒಂದೊಂದನ್ನೂ ತೂಗಿ, ಅಳೆದು, ಬೆನ್ನಿನ ಬಾಗು, ಸ್ಪ್ರಿಂಗಿನ ಸುತ್ತು ನೋಡಿ ಯಾವ ಬಗೆಯದು, ಯಾವ ಕಾಲದ್ದು ಅಂತ ಬರೆಯಬೇಕು. ಸೋಂಕಿನ ಭಯಕ್ಕೆ ಅವರು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನಂಬಿ, ಪೆಟ್ಟಿಗೆಯನ್ನೇ ನನ್ನ ಕೈಗೆ ಕೊಟ್ಟಿದ್ದರು.

ಅದರಲ್ಲೊಂದು ಬ್ರೂಚು ನನ್ನ ನಿದ್ದೆ ಕೆಡಿಸಿತ್ತು. ನೋಡಲು ಏನೂ ಇಲ್ಲ, ಬೆರಳುದ್ದವೂ ಇಲ್ಲದ ಸೊಟ್ಟ ಪಿನ್ನು. ಆದರೆ ಹಿಂಬದಿಯ ಸ್ಪ್ರಿಂಗಿನ ಬಳಿ, ಕಿಲುಬಿನೊಳಗೆ, ನೇಯ್ಗೆ ಕಂಡಿತ್ತು. ತೊಟ್ಟವರ ಬಟ್ಟೆಯೆಲ್ಲ ಮಣ್ಣಲ್ಲಿ ಕೊಳೆತುಹೋಗಿ, ನಾಲ್ಕಾರು ಎಳೆಗಳನ್ನು ಮಾತ್ರ ಆ ಕಿಲುಬು ಹಿಡಿದಿಟ್ಟುಕೊಂಡಿತ್ತು. ಬ್ರೂಚುಗಳು ಬೇಕಾದಷ್ಟು ಸಿಗುತ್ತವೆ, ಬಟ್ಟೆ ಸಿಗುವುದಿಲ್ಲ. ನನ್ನ ಕ್ಯಾಮೆರಾದಲ್ಲಿ ಅದು ಬರೀ ಹಸಿರು ಮಸುಕಾಗಿ ಬೀಳುತ್ತಿತ್ತು. ಹಾಗಾಗಿ ಲಾಸ್ ಏಂಜಲೀಸಿನ ಲ್ಯಾಬೊಂದರಲ್ಲಿ ಮೈಕ್ರೋಸ್ಕೋಪಿನಡಿ ಫೋಟೋ ತೆಗೆಸಲು ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ.

ಅದಕ್ಕೆ ಮುಂಚೆಯೇ ಆಯುಧಪೂಜೆ ಬಂತು. ನಾನು ಬೇರೆ ಕೋಣೆಯಲ್ಲಿ ಝೂಮ್ ಮೀಟಿಂಗಿನಲ್ಲಿದ್ದಾಗ ಅತ್ತೆ ಮನೆಯ ಕತ್ತರಿ, ಚಾಕು, ಸ್ಕ್ರೂಡ್ರೈವರ್, ದೀಪ, ತಂಬಿಗೆ ಎಲ್ಲ ಗುಡ್ಡೆ ಹಾಕಿಕೊಂಡು ಶುಚಿ ಮಾಡತೊಡಗಿದರು. ಸೊಸೆಯ ಕೆಲಸದ ಸಾಮಾನಿಗೂ ಪೂಜೆ ಆಗಬೇಡವೇ? ನನ್ನ ಮೇಜಿನಿಂದ ಅಳತೆಯ ಕ್ಯಾಲಿಪರ್ ತಂದರು. ಪಕ್ಕದಲ್ಲಿದ್ದ ಕಿಲುಬು ಹಿಡಿದ ಪಿನ್ನನ್ನೂ ತಂದರು. ನಾನು ಕಾಫಿಗೆಂದು ಅಡುಗೆಮನೆಗೆ ಬಂದಾಗ ಅದು ದೀಪಗಳ ಜೊತೆ ಉಪ್ಪು ಹಾಕಿದ ಹುಣಸೆ ರಸದಲ್ಲಿ ಮುಳುಗಿತ್ತು.

ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೆಲ್ಲ ಗೊತ್ತು. ಆದರೆ ಆ ದಿನ ಕೋಪ ಬರುವಷ್ಟು ಶಕ್ತಿಯೂ ಇರಲಿಲ್ಲ. ಅದರಲ್ಲಿ ಒಬ್ಬರ ಬಟ್ಟೆಯ ನೂಲಿತ್ತು, ಹುಳಿಗೆ ಕರಗುತ್ತದೆ, ಅಂತ ಅತ್ತೆಗೆ ಹೇಳಿದೆ. ಅವರ ಒದ್ದೆ ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿನ ತಜ್ಞೆ, ಉಜ್ಜಬೇಡ, ಒರೆಸಬೇಡ, ಡಿಸ್ಟಿಲ್ಡ್ ವಾಟರಿನಲ್ಲಿ ಹುಳಿ ಬಿಡಿಸಿ ಒದ್ದೆಯಲ್ಲೇ ಈಗಲೇ ತಾ, ಸ್ಪ್ರಿಂಗಿನ ಸಂದಿಯಲ್ಲಿ ಏನಾದರೂ ಉಳಿದಿರಬಹುದು ಎಂದಳು. ಪಿನ್ನನ್ನು ನೀರಿನ ಡಬ್ಬಿಯಲ್ಲಿಟ್ಟುಕೊಂಡು ನಾನು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಡಬ್ಬಿ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ ಎಂದರು. ಆಯುಧಪೂಜೆಯ ದಿನ ಚಕ್ರಕ್ಕೆ ನಿಂಬೆಹಣ್ಣು ಇಡದೆ ಕಾರು ಕದಲಲು ಬಿಡದವರು, ಆವತ್ತು ಆ ಮಾತೇ ಎತ್ತಲಿಲ್ಲ.

ಸ್ಯಾನ್ ಡಿಯೇಗೋ ದಾಟಿದ ಮೇಲೆ ಫ್ರೀವೇಯಲ್ಲಿ ದರಿದ್ರ ಟ್ರಾಫಿಕ್ಕು. ಬ್ರೇಕ್ ಹಾಕಿದಾಗಲೆಲ್ಲ ಕನ್ನಡಿಯಲ್ಲಿ ನೋಡುತ್ತಿದ್ದೆ. ಅತ್ತೆ ಮಡಿಲಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಾಸ್ಕಿನೊಳಗೆ ಏನೋ ಜಪಿಸುತ್ತಿದ್ದರು. ಬೆಳಗಿನಿಂದ ಅವರು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಕುಡಿಯಿರಿ ಅನ್ನಲು ನನಗೆ ಬಾಯಿ ಬರಲಿಲ್ಲ. ಬಾಯಿ ತೆಗೆದರೆ ಏನು ಹೊರಗೆ ಬೀಳುತ್ತದೋ ಅಂತ ಭಯವಾಗಿತ್ತು.

ಲ್ಯಾಬಿನೊಳಗೆ ಒಬ್ಬರಿಗೆ ಮಾತ್ರ ಪ್ರವೇಶ. ಅತ್ತೆ ಕಾರಿನಲ್ಲೇ ಉಳಿದರು. ತಜ್ಞೆ ಬ್ರೂಚನ್ನು ಮೈಕ್ರೋಸ್ಕೋಪಿನಡಿ ಹೊರಳಿಸಿ ಹೊರಳಿಸಿ ನೋಡಿದಳು, ಬೆಳಕು ಬದಲಿಸಿ ಮತ್ತೆ ನೋಡಿದಳು. ಆಮೇಲೆ ಎದ್ದು ನನಗೆ ಜಾಗ ಬಿಟ್ಟಳು. ಸ್ಪ್ರಿಂಗಿನ ಸಂದಿಯಲ್ಲಿ ಹೊಸದಾಗಿ ಹೊಳೆಯುವ ಲೋಹ ಬಿಟ್ಟರೆ ಒಂದು ಎಳೆಯೂ ಇರಲಿಲ್ಲ. ಅಲ್ಲೇ ಹೊರಗಿನ ಮೆಟ್ಟಿಲಲ್ಲಿ ನಿಂತು ಪ್ರೊಫೆಸರರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೂಲಿನ ಫೋಟೋ ಇದೆಯಾ ಅಂತಷ್ಟೇ ಕೇಳಿದರು. ಇಲ್ಲ ಅಂದೆ. ಸರಿ, ಪೆಟ್ಟಿಗೆ ವಾಪಸ್ ತಂದುಕೊಡು ಎಂದು ಫೋನ್ ಇಟ್ಟರು.

ಕಾರಿನ ಹತ್ತಿರ ಬಂದಾಗ ಅತ್ತೆ ಗಾಜು ಇಳಿಸಿಕೊಂಡು ಕಾಯುತ್ತಿದ್ದರು.

"ಉಳೀತೇನಮ್ಮ?"

"ಉಳಿದಿದೆ ಅತ್ತೆ. ಸ್ವಲ್ಪ ಹೋಗಿದೆ ಅಷ್ಟೇ. ತೊಗೊಳ್ಳಿ, ಮೊದಲು ನೀರು ಕುಡೀರಿ."

ಅವರು ಬಾಟಲಿಗೆ ಕೈ ಚಾಚಲಿಲ್ಲ.

"ಉಳಿದಿದ್ರೆ, ಇಷ್ಟೊತ್ತಿಗೆ ನೀನು ನಂಗೆ ಬಾಯ್ತುಂಬ ಬೈದಿರ್ತಿದ್ದೆ," ಅಂದರು.