ಎದೆಯಲ್ಲಿ ಅವಲಕ್ಕಿ ಕುಟ್ಟಿದವರು

ವೆಲ್‌ನೆಸ್ ಕೋಚಿಗೆ ಸಂಬಳ ಕೊಡುವುದು ಕಂಪನಿ, ನೀವಲ್ಲ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಮೆತ್ತನೆಯ ದನಿಯಲ್ಲಿ ಯಾರಾದರೂ "ನಿಮಗೇನು ಕಷ್ಟ?" ಎಂದು ಕೇಳಿದ ಕೂಡಲೇ ನಮ್ಮವರು ಮರೆತುಬಿಡುತ್ತಾರೆ. ಲಾಸ್ಯಾ ಕೂಡ ಮರೆತಳು, ಒಂದೇ ಒಂದು ಮಧ್ಯಾಹ್ನ.

ಚನ್ನರಾಯಪಟ್ಟಣದ ಹುಡುಗಿ ಅವಳು. ಹುಡುಗಿ ಎಂದರೆ, ಈಗ ನಲವತ್ತರ ಹತ್ತಿರ. ಅಮೆರಿಕದ ಸನ್ನಿವೇಲ್‌ನಲ್ಲಿ ಮನೆ, ಮಿಲ್ಪಿಟಾಸ್‌ನ ಎಲೆಕ್ಟ್ರಾನಿಕ್ಸ್ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ. ಹಿಂದಿನ ವರ್ಷದ ಲೇಆಫಿನಲ್ಲಿ ಪಕ್ಕದ ಸೀಟಿನವನು ಹೋದ. ಅವನು ಹೋದ, ಅವನ ಕೆಲಸ ಹೋಗಲಿಲ್ಲ; ಇವಳ ಹೆಗಲೇರಿತು. ಹೊಸ ಟೆಸ್ಟ್ ಲೈನಿಗೆ ನೀನೇ ಲೀಡ್ ಎಂದು ಮ್ಯಾನೇಜರ್ ರಘೋತ್ತಮ ಮಾತು ಕೊಟ್ಟಿದ್ದ. ಆ ಒಂದು ಜಾಗಕ್ಕಾಗಿ ವರ್ಷಗಟ್ಟಲೆ ಕಾದಿದ್ದವಳು ಎರಡು ಹೊರೆಯನ್ನೂ ತುಟಿ ಪಿಟಕ್ಕೆನ್ನದೆ ಹೊತ್ತಳು. ಬರಬರುತ್ತಾ ಫೋನು ಟಿಣ್ ಎಂದರೆ ಎದೆ ಹಾರುವುದು ಶುರುವಾಯಿತು. ಆಮೇಲೆ ಮೈಕ್ರೋವೇವ್ ಕೂಗಿದರೂ ಅಷ್ಟೇ.

ಆಗ ಕಂಪನಿಯವರು ನೌಕರರು ಒತ್ತಡ ಹೇಳಿಕೊಳ್ಳಲೆಂದು 'ಸ್ಟ್ರೆಸ್ ಸರ್ಕಲ್' ತೆರೆದರು. ಬುಧವಾರ ಊಟದ ಹೊತ್ತಿಗೆ ಗುಂಡಗೆ ಕುರ್ಚಿ, ಪುಕ್ಕಟೆ ಸ್ಯಾಂಡ್‌ವಿಚ್ಚು. "ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ" ಎಂದು ಕೋಚ್ ಹೆಂಗಸು ಮಾತು ಕೊಟ್ಟಳು.

ಪುಕ್ಕಟೆ ಊಟದ ಮೇಲೆ ಲಾಸ್ಯಾಗೆ ಹುಟ್ಟಾ ಗುಮಾನಿ. ಬಾಗಿಲ ಪಕ್ಕದ ಕುರ್ಚಿ ಹಿಡಿದು ಸೂರು ನೋಡಿದಳು, ಗೋಡೆ ನೋಡಿದಳು. ದಿನವೂ ಒಂದೇ ಕಾರಿನಲ್ಲಿ ಆಫೀಸಿಗೆ ಬರುವ ಗೆಳತಿ ಸಂಯುಕ್ತಾ ಮೊಣಕೈಯಲ್ಲಿ ತಿವಿದಳು.

"ಏನೇ, ಸಿಐಡಿ ಥರ ನೋಡ್ತೀಯ. ಸ್ಯಾಂಡ್‌ವಿಚ್ಚಲ್ಲಿ ಮೈಕ್ ಇಟ್ಟಿರಲ್ಲ, ತಿನ್ನು."

"ಲ್ಯಾಪ್‌ಟಾಪ್ ಯಾಕೆ ತೆಗ್ದಿದಾಳೆ ಅವ್ಳು?"

"ಟೈಮ್ ನೋಡಕ್ಕಿರ್ಬೇಕು."

"ಗೋಡೆ ಮೇಲೆ ಗಡಿಯಾರ ಇದೆಯಲ್ಲ."

ಮೊದಲ ಕೆಲವು ಬುಧವಾರ ಲಾಸ್ಯಾ ಬಾಯಿ ಬಿಡಲಿಲ್ಲ. ಉಸಿರು ಎಳೆ ಅಂದಾಗ ಎಳೆದಳು, ಬಿಡು ಅಂದಾಗ ಬಿಟ್ಟಳು. ಒಂದು ದಿನ ಕೋಚ್ ಕೇಳಿದಳು, "ಒತ್ತಡ ನಿಮ್ಮ ಮೈಯಲ್ಲಿ ಎಲ್ಲಿ ಕೂತಿದೆ?" ಒಬ್ಬ ಕತ್ತು ಅಂದ, ಇನ್ನೊಬ್ಬಳು ಬೆನ್ನು ಅಂದಳು. ಲಾಸ್ಯಾಗೆ ಇಂಗ್ಲಿಷಿನ ಪದ ಸಿಗಲಿಲ್ಲ. ನಾಲಗೆಯ ತುದಿಯಲ್ಲಿದ್ದ ಕನ್ನಡವನ್ನೇ ಇಂಗ್ಲಿಷಿಗೆ ಸುರಿದು, "ಯಾರೋ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಾರೆ" ಅಂದುಬಿಟ್ಟಳು. ಸಂಯುಕ್ತಾ ಕಿಸಕ್ಕನೆ ನಕ್ಕಳು. ಉಳಿದವರು ಪಿಳಿಪಿಳಿ ನೋಡಿದರು. ಕೋಚ್ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು "ಎಂಥ ಚಂದದ ಮಾತು" ಅಂದಳು. ಅವತ್ತು ಲಾಸ್ಯಾ ಹಗುರಾಗಿ ಮನೆಗೆ ಹೋದಳು.

ಮುಂದಿನ ತಿಂಗಳು ರಘೋತ್ತಮ ಅವಳೊಬ್ಬಳನ್ನೇ ಮೀಟಿಂಗಿಗೆ ಕರೆದ. ಮೈಸೂರಿನವನು, ನಗುಮುಖದವನು.

"ಏನಮ್ಮ, ಅವಲಕ್ಕಿ ಕುಟ್ಟೋದು ಸ್ವಲ್ಪ ಕಮ್ಮಿ ಆಯ್ತಾ?"

"ಯಾರ್ ಹೇಳಿದ್ರು ನಿಮ್ಗೆ?"

"ಯಾರಾದ್ರೂ ಹೇಳ್ಬೇಕಾ? ನೋಡು, ಲೀಡ್ ಗೀಡ್ ಈಗ ಬೇಡ ನಿಂಗೆ. ಬೇರೆಯವ್ರಿಗೆ ಕೊಟ್ಟಿದೀನಿ. ಹೆಲ್ತ್ ಮೊದ್ಲು ಅಲ್ವಾ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

"ಹಾಗಾದ್ರೆ ಈಗ ಮಾಡ್ತಿರೋ ಎರಡು ಕೆಲ್ಸ?"

"ಅದು ಹಾಗೇ ಇರ್ಲಿ. ನಿಂಗೆ ಅಭ್ಯಾಸ ಆಗಿದೆಯಲ್ಲ."

ಆ ಸರ್ಕಲ್ಲಿನಲ್ಲಿ ಕನ್ನಡ ಬಲ್ಲವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ಕಿಸಕ್ಕನೆ ನಕ್ಕವಳು. ಅಂದು ಸಂಜೆ ಫ್ರೀವೇಯಲ್ಲಿ ಕಾರು ಆಮೆಯಂತೆ ತೆವಳುತ್ತಿದ್ದಾಗ ಲಾಸ್ಯಾ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ರಘು ಜೊತೆ ಕಾಫಿಗೆ ಹೋಗ್ತಿರ್ತೀಯಲ್ಲ ನೀನು?"

"ಹೋಗ್ತೀನಿ. ಏನೀಗ?"

"ಕಾಫಿ ಜೊತೆ ನನ್ ಅವಲಕ್ಕಿನೂ ಬಡಿಸಿದ್ಯಾ?"

ಸಂಯುಕ್ತಾ ಕಿಟಕಿಯ ಕಡೆ ತಿರುಗಿದಳು. ಮನೆ ಹತ್ತಿರ ಇಳಿಯುವಾಗ, "ನಾಳೆಯಿಂದ ಆಫೀಸಿಗೆ ನಾನೊಬ್ಳೇ ಬರ್ತೀನಿ ಬಿಡು, ನಿಂಗ್ಯಾಕೆ ತೊಂದ್ರೆ" ಅಂದಳು. ಚಾಡಿ ಹೇಳಿದ್ದಕ್ಕೇ ಉತ್ತರ ಕೊಡಲಿಲ್ಲ ಎಂದು ಲಾಸ್ಯಾ ತೀರ್ಮಾನಿಸಿದಳು. ದುಡಿಮೆಯ ಒತ್ತಡ ಮಾಡುವ ಕೇಡು ಇದೇ: ಮೇಲೆ ಕೂತವನನ್ನು ಬಿಟ್ಟು ಪಕ್ಕದಲ್ಲಿ ಕೂತವಳನ್ನು ಕಳ್ಳಿ ಮಾಡುತ್ತದೆ.

ಆದರೂ ಗುಮಾನಿಯವಳಲ್ಲವೇ, ಅವಳ ಮನಸ್ಸು ಅಲ್ಲಿಗೇ ನಿಲ್ಲಲಿಲ್ಲ. ಆ ಲ್ಯಾಪ್‌ಟಾಪು ನೆನಪಾಯಿತು. ಬುಧವಾರ ಎಲ್ಲರಿಗಿಂತ ಮೊದಲೇ ಹೋಗಿ ಕೋಚನ್ನು ನೇರ ಕೇಳಿದಳು. ಆ ಹೆಂಗಸು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ತಿಂಗಳಿಗೊಮ್ಮೆ ಮ್ಯಾನೇಜರುಗಳಿಗೆ ತೋರಿಸುವ ಸ್ಲೈಡುಗಳನ್ನು ಹೆಮ್ಮೆಯಿಂದ ತೆರೆದಳು. ಮೊದಲ ಪುಟದಲ್ಲೇ ತಾವರೆ ಹೂವಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಅವಲಕ್ಕಿ ಕುಟ್ಟುವ ಮಾತು.

"ನೋಡು, ಎಲ್ಲೂ ಹೆಸರಿಲ್ಲ" ಅಂದಳು.

ಹೆಸರು ಯಾಕೆ ಬೇಕು? ಆ ಇಡೀ ಕಟ್ಟಡದಲ್ಲಿ ಅವಲಕ್ಕಿಯನ್ನು ಎದೆಯಲ್ಲಿ ಕುಟ್ಟಿಸಿಕೊಳ್ಳುವ ಜನ ಯಾರು ಎಂಬುದು ಅವಳ ಮೇಲೆ ಎರಡಾಳಿನ ಕೆಲಸ ಹೇರಿದ ಮೈಸೂರಿನವನಿಗೆ ಗೊತ್ತಾಗದೆ ಇರುತ್ತದೆಯೇ?

ಅಲ್ಲಿಂದ ನೇರ ರಘೋತ್ತಮನ ಕೋಣೆಗೆ ಹೋದಳು. ಕೂರಲಿಲ್ಲ.

"ಕುಟ್ಟೋದು ನೀವೇ ರಘು, ಒನಕೆ ನಿಮ್ ಕೈಲೇ ಇದೆ. ಲೀಡ್ ಕಿತ್ಕೊಂಡ್ರಿ, ಹೊರೆ ಇಲ್ಲೇ ಬಿಟ್ರಿ. ಇದ್ರಲ್ಲಿ ಹೆಲ್ತ್ ಎಲ್ಲಿದೆ?"

ಅವನು ಕನಿಕರದಿಂದ ತಲೆಯಾಡಿಸಿದ. "ನೋಡು, ಇದನ್ನೇ ನಾನ್ ಹೇಳಿದ್ದು. ಸ್ಟ್ರೆಸ್ ಜಾಸ್ತಿಯಾಗಿದೆ ನಿಂಗೆ."

"ಆಗಿದೆ. ಅದಕ್ಕೇ, ಬಿಟ್ಟುಹೋದವನ ಕೆಲ್ಸ ನಾಳೆಯಿಂದ ನಾನು ಮಾಡಲ್ಲ."

ಲೀಡ್ ಜಾಗ ವಾಪಸು ಬರಲಿಲ್ಲ. ಈ ಮಾತಿಗೆ ಬೆಲೆ ತೆರಬೇಕಾದೀತೇ ಎಂಬುದು ಅವಳಿಗೂ ತಿಳಿಯದು. ಪಾರ್ಕಿಂಗಿನಲ್ಲಿ ನಿಂತು ಸಂಯುಕ್ತಾಗೆ ಫೋನು ಮಾಡಿ "ತಪ್ಪಾಯ್ತು ಕಣೇ" ಅಂದಳು.

"ಗೊತ್ತು. ಆದ್ರೂ ಸ್ವಲ್ಪ ದಿನ ಬೇರೆ ಬೇರೇನೇ ಹೋಗೋಣ" ಅಂದಳು ಸಂಯುಕ್ತಾ.

ನೀವು ಇದನ್ನು ಆಫೀಸಿನಲ್ಲೇ ಕದ್ದು ಓದುತ್ತಿರಬಹುದು. ನಿಮಗೂ ಇಂಥದೊಂದು ಸರ್ಕಲ್ಲಿಗೆ ಕರೆ ಬಂದಿರಬಹುದು. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಕಣ್ಣು ಮುಚ್ಚಿ ಉಸಿರೆಳೆಯುವ ಮೊದಲು ಎಲ್ಲರೆದುರು ಕೈ ಎತ್ತಿ ಎರಡು ಪ್ರಶ್ನೆ ಕೇಳಿ: ನನ್ನ ಮಾತು ಯಾರ ಮುಂದೆ ಹೋಗುತ್ತದೆ? ನನ್ನ ಮೇಲಿನ ಕೆಲಸದಲ್ಲಿ ಯಾವುದನ್ನು ಇಳಿಸುತ್ತೀರಿ? ಎರಡಕ್ಕೂ ಉತ್ತರ ಬರುವ ತನಕ ಬಾಯಿ ಬಿಡಬೇಡಿ.