ಪ್ರಯೋಗಾಲಯಕ್ಕೆ ಕುಂಕುಮವಿಟ್ಟು ಕರೆದದ್ದು

ಊರಿನ ಜನ ಬಂದು ನಮ್ಮ ಪ್ರಯೋಗಾಲಯಗಳನ್ನು ನೋಡುವ ದಿನವೊಂದು ಬೇಕೆಂದು ವಿಶ್ವವಿದ್ಯಾಲಯದ ಸಂಶೋಧನಾ ಮಂಡಳಿಯಲ್ಲಿ ಹಟ ಹಿಡಿದವಳು ನಾನೇ. ಆಗ ಮಂಡಳಿಯ ಕಾರ್ಯದರ್ಶಿಯಾಗಿದ್ದೆ. ಮೊದಲ ವರ್ಷ ಕೋಲಾರದ ಬಸ್ ನಿಲ್ದಾಣ, ಟೊಮೆಟೊ ಮಾರುಕಟ್ಟೆ, ಎಲ್ಲ ಕಡೆ ಪೋಸ್ಟರ್ ಅಂಟಿಸಿದೆವು. ಒಬ್ಬರೂ ಬರಲಿಲ್ಲ. ಮೈಕ್ರೋಸ್ಕೋಪುಗಳ ಹಿಂದೆ ನಾವೇ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತೆವು. ನನಗೆ ಮೈಯೆಲ್ಲ ಉರಿಯಿತು.

"ಇನ್ನೊಂದು ವರ್ಷ ನೋಡೋಣ ಮೇಡಂ. ಆಗಲೂ ಜನ ಬರಲಿಲ್ಲ ಅಂದ್ರೆ ಕೈಬಿಡೋಣ" ಎಂದರು ಮಂಡಳಿಯ ಅಧ್ಯಕ್ಷರು, ಭೌತಶಾಸ್ತ್ರದ ಹಿರಿಯ ಪ್ರೊಫೆಸರ್. ಕೈಬಿಡುವುದೆಂದರೆ ಅವರಿಗೆ ಬಲು ಪ್ರೀತಿ.

ಶ್ರೀನಿವಾಸಪುರದ ಮನೆಯಲ್ಲಿ ಅಮ್ಮನ ಮುಂದೆ ಜನರನ್ನೆಲ್ಲ ಬೈದೆ. ಅಮ್ಮ ಮಾವಿನಕಾಯಿ ಹೆಚ್ಚುತ್ತಲೇ ಹೇಳಿದಳು: "ಗೋಡೆಗೆ ಕಾಗದ ಅಂಟಿಸಿದ್ರೆ ಕರೆದಂಗಾಯ್ತಾ? ಮನೆಗೆ ಹೋಗಿ ಕರೀಬೇಕು ಕಣೇ. ನಿನ್ನ ಮದುವೆಗೆ ನಾನೇನು ಪೋಸ್ಟರ್ ಹಾಕ್ಸಿದ್ನಾ?"

ಮರುವರ್ಷ ಕಾರ್ಡು ಅಚ್ಚು ಹಾಕಿಸಿ, ಅಮ್ಮನನ್ನೂ ಕರೆದುಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋದೆ. ಅಮ್ಮ ಕುಂಕುಮ ಕೊಟ್ಟು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕರೆದಳು. ಸಾಬರ ಮನೆಗಳಲ್ಲಿ ಕುಂಕುಮದ ಬದಲು ಕಲ್ಲುಸಕ್ಕರೆ. "ಮದುವೆ ಯಾರ್ದಮ್ಮ?" ಎಂದು ಕೇಳಿದವರೇ ಹೆಚ್ಚು.

ಆ ದಿನ ಗೇಟಿನಲ್ಲಿ ಜನವೋ ಜನ. ಆದರೆ ಎಲ್ಲರ ಕೈಯಲ್ಲೂ ಮುಯ್ಯಿ! ಕರೆದ ಮನೆಗೆ ಬರಿಗೈಲಿ ಯಾರು ಬರುತ್ತಾರೆ? ತೆಂಗಿನಕಾಯಿ, ರವಿಕೆ ಕಣ, ಹುರುಳಿಕಾಯಿ, ಟೊಮೆಟೊ. "ಇದನ್ನೆಲ್ಲ ಯಾವ ನಿಯಮದಲ್ಲಿ ತಗೊಳ್ಳೋದು ಮೇಡಂ?" ಎಂದು ಅಧ್ಯಕ್ಷರು ಕಂಗಾಲಾದರು. ಕರೆದ ಮೇಲೆ ಊಟ ಹಾಕಬೇಡವೇ? ಬಂದ ತರಕಾರಿಯೆಲ್ಲ ಹಾಸ್ಟೆಲ್ ಅಡುಗೆಮನೆಯಲ್ಲಿ ಹುಳಿಯಾಯಿತು.

ಅಧ್ಯಕ್ಷರು ಪ್ರಿಸಂ ಹಿಡಿದು ಬಿಸಿಲು ಏಳು ಬಣ್ಣವಾಗುವುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಮುಂದೆ ನಿಂತಿದ್ದ ಅಜ್ಜಿಯೊಬ್ಬರು, "ನಂಗೊಂದೂ ತಿಳೀಲಿಲ್ಲ, ಇನ್ನೊಂದು ಸಲ ಹೇಳಪ್ಪಾ" ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು. ಅಧ್ಯಕ್ಷರು ಸ್ವಲ್ಪ ತಡವರಿಸಿ, ಮುಳಬಾಗಿಲಿನ ತಮ್ಮ ಮನೆಯ ತೆಲುಗಿನಲ್ಲಿ ಮೊದಲಿನಿಂದ ಶುರು ಮಾಡಿದರು. ಆಮೇಲೆ ಊಟಕ್ಕೆ ಕರೆದರೂ ಬರಲಿಲ್ಲ. ಅವರ ಪಾಲಿನ ಊಟವನ್ನು ಖುಷಿಯಿಂದ ನಾನೇ ತೆಗೆದಿರಿಸಿದೆ.

ಆದರೂ ಮುಂದಿನ ಸಭೆಗೆ ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಮುಯ್ಯಿ, ಊಟ ಎಂದು ಆಕ್ಷೇಪ ತೆಗೆದು ಆ ದಿನವನ್ನೇ ನಿಲ್ಲಿಸಿಬಿಡುತ್ತಾರೆಂಬ ಭಯ. ಅಧ್ಯಕ್ಷರು ಜೇಬಿನಿಂದ ಅರಿಶಿನ ಹಚ್ಚಿದ ಕಾರ್ಡೊಂದನ್ನು ತೆಗೆದರು. ಆ ಅಜ್ಜಿಯ ಮನೆಯವರು ರೇಷ್ಮೆ ಹುಳು ಸಾಕುವುದಕ್ಕೆ ಹೊಸ ಮನೆ ಕಟ್ಟಿಸಿದ್ದರು. ಅದರ ಪೂಜೆಗೆ ಇಡೀ ಮಂಡಳಿಯನ್ನು ಕರೆದಿದ್ದರು, ಅದೂ ಅಂದೇ.

"ಮುಂದಿನ ವರ್ಷಾನೂ ಮಾಡೋಣ ಅಂತ ಬರ್ಕೊಂಡು ಬೇಗ ಏಳಿ ಮೇಡಂ. ಅವರು ನಮ್ಮನೆಗೆ ಬಂದಿದ್ರು, ನಾವು ಹೋಗ್ದಿದ್ರೆ ಚೆನ್ನಾಗಿರ್ತದಾ?"

ಅವರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪುಟ್ಟ ಪೊಟ್ಟಣವಿತ್ತು. ಏನೆಂದು ಕೇಳಿದೆ.

"ಪ್ರಿಸಂ. ನನ್ನ ಸ್ವಂತದ್ದು, ನಿಯಮ ಕೇಳ್ಬೇಡಿ. ಬರಿಗೈಲಿ ಹೆಂಗೆ ಹೋಗೋದು?"